ಲೋಡ್ ಗಾಡಿಗೆ ಯಾವ ಫ್ಯಾನ್ ಸರಿ: ಬೆಲ್ಟಿನದೋ, ಕರೆಂಟಿನದೋ?

ಆರುಚಕ್ರ:

ಎಲ್ಲರಿಗೂ ನಮಸ್ಕಾರ. ನನ್ನದು ಆರು ಚಕ್ರದ ಲೋಡ್ ಗಾಡಿ. ನಾಲ್ಕು ಸಿಲಿಂಡರ್ ಟರ್ಬೊ ಡೀಸೆಲ್, ಸುಮಾರು 140 ಎಚ್‌ಪಿ, 24 ವೋಲ್ಟ್. ಫ್ಯಾನ್ ಎಂಜಿನ್‌ನಿಂದಲೇ ತಿರುಗುತ್ತದೆ, ನಡುವೆ ವಿಸ್ಕಸ್ ಕ್ಲಚ್ ಇದೆ (ಬಿಸಿಯಾದಾಗ ಒಳಗಿನ ದಪ್ಪ ಎಣ್ಣೆಯಿಂದ ಫ್ಯಾನನ್ನು ಹಿಡಿದು ತಿರುಗಿಸುವಂಥದ್ದು). ರೇಡಿಯೇಟರ್ ಮುಂದೆ, ಟರ್ಬೊದಿಂದ ಬರುವ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ಕೂತಿದೆ. ಎಸಿ ಇಲ್ಲ.

ಖಾಲಿ ಗಾಡಿ ಎಷ್ಟು ಓಡಿಸಿದರೂ ಟೆಂಪರೇಚರ್ ಮುಳ್ಳು ಅಲ್ಲಾಡುವುದಿಲ್ಲ. ಲೋಡ್ ಹಾಕಿಕೊಂಡು ಸಮ ರಸ್ತೆಯಲ್ಲಿ 60ರಲ್ಲಿ ಹೋದರೂ ಏನೂ ಇಲ್ಲ. ಏರು ಶುರುವಾಗಿ ಎರಡನೇ ಗೇರಿಗೆ ಬಂದೆ ಅಂದರೆ ಮುಳ್ಳು ಹತ್ತಲು ಶುರು. ಕೆಂಪು ಗೆರೆ ಹತ್ತಿರ ಬಂದಾಗ ಪಕ್ಕಕ್ಕೆ ಹಾಕುತ್ತೇನೆ. ಎಂಜಿನ್ ಬಂದ್ ಮಾಡದೆ ಸ್ವಲ್ಪ ರೇಸ್ ಕೊಟ್ಟುಕೊಂಡು ನಿಂತರೆ ನಿಧಾನಕ್ಕೆ ಇಳಿಯುತ್ತದೆ. ಕೂಲೆಂಟ್ ಕಡಿಮೆಯಾಗುತ್ತಿಲ್ಲ. ಎಲ್ಲೂ ಸೋರಿಕೆ ಕಾಣುತ್ತಿಲ್ಲ. ಥರ್ಮೋಸ್ಟಾಟ್ (ಬಿಸಿಯಾದಾಗ ಕೂಲೆಂಟನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್) ಹೊಸದು.

ಒಂದು ವಿಷಯ ಗಮನಕ್ಕೆ ಬಂತು. ಮೊದಲೆಲ್ಲ ಏರಿನಲ್ಲಿ ಫ್ಯಾನ್ ಜೋರಾಗಿ ಕೂಗುತ್ತಿತ್ತು. ಕ್ಯಾಬಿನ್ ಒಳಗೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಈಗ ಆ ಸದ್ದೇ ಇಲ್ಲ.

ಮೂರು ಜನ ಮೂರು ಥರ ಹೇಳುತ್ತಿದ್ದಾರೆ. ಒಬ್ಬರು ಕ್ಲಚ್ ಬದಲಿಸು ಅಂತಾರೆ. ಇನ್ನೊಬ್ಬರು ಕ್ಲಚ್‌ಗೆ ತೂತು ಹೊಡೆದು ಬೋಲ್ಟ್ ಹಾಕಿ ಲಾಕ್ ಮಾಡಿಬಿಡು, ಯಾವಾಗಲೂ ತಿರುಗುತ್ತದೆ ಅಂತಾರೆ. ಮೂರನೆಯವರು ಆ ಫ್ಯಾನೇ ಕಿತ್ತುಹಾಕು, ಕಾರಿನ ಎಲೆಕ್ಟ್ರಿಕ್ ಫ್ಯಾನ್ ಎರಡು ಕೂರಿಸು ಅಂತಾರೆ. 12 ವೋಲ್ಟಿನವು ಎರಡನ್ನು ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದಾಗಿ ಕೊಟ್ಟರೆ 24 ಆಯಿತಲ್ಲ, ಎಂಜಿನ್ ಹಗುರ ಆಗುತ್ತದೆ, ಪಿಕಪ್ ಜಾಸ್ತಿ, ಮೈಲೇಜೂ ಜಾಸ್ತಿ ಅಂತ ಅವರ ವಾದ. ಹೊಸ ಕ್ಲಚ್‌ಗೆ ಹೋಲಿಸಿದರೆ ಹಳೇ ಕಾರಿನ ಫ್ಯಾನ್ ಸಸ್ತಾ ಅನ್ನುವುದಂತೂ ನಿಜ. ನನ್ನ ಮನಸ್ಸು ಮೂರನೆಯದರ ಕಡೆಗೇ ವಾಲುತ್ತಿದೆ. ಹಾಕಿದವರು ಯಾರಾದರೂ ಇದ್ದೀರಾ? ನಿಮ್ಮ ಅಭಿಪ್ರಾಯ ಹೇಳಿ.

ಎಡಪಥ:

ಹಾಕಿ ಸರ್, ಏನಾಗುತ್ತೆ? ಈಗಿನ ಕಾರುಗಳಲ್ಲಿ ಬೆಲ್ಟ್ ಫ್ಯಾನ್ ಎಲ್ಲಿದೆ ಹೇಳಿ? ಎಲ್ಲವೂ ಎಲೆಕ್ಟ್ರಿಕ್. ಬೇಕಾದಾಗ ಆನ್, ಬೇಡವಾದಾಗ ಆಫ್. ಲಾರಿ ಕಂಪನಿಗಳು ಹಳೇ ಡಿಸೈನ್ ಬಿಡುತ್ತಿಲ್ಲ ಅಷ್ಟೇ.

ಗ್ರೀಸ್‌ಕೈ:

ಎಡಪಥ ಅವರೇ, ಕಾರಿನಲ್ಲಿ ಎಲೆಕ್ಟ್ರಿಕ್ ಬಂದದ್ದಕ್ಕೆ ದೊಡ್ಡ ಕಾರಣ ಬೇರೆ. ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಎಂಜಿನ್ ಅಡ್ಡಡ್ಡ ಕೂತಿರುತ್ತದೆ. ಕ್ರ್ಯಾಂಕ್‌ನ ಮೂತಿ ಮಡ್‌ಗಾರ್ಡ್ ಕಡೆಗೆ, ರೇಡಿಯೇಟರ್ ಮುಂದುಗಡೆ. ಬೆಲ್ಟಿನಿಂದ ಫ್ಯಾನ್ ತಿರುಗಿಸಬೇಕು ಅಂದರೂ ದಾರಿ ಇಲ್ಲ. ಲಾರಿ ಎಂಜಿನ್ ಉದ್ದುದ್ದ ಕೂತಿದೆ, ಮೂತಿ ನೇರ ರೇಡಿಯೇಟರ್‌ಗೆ. ಕಂಪನಿಯವರು ಸೋಮಾರಿಗಳಾಗಿ ಬಿಟ್ಟದ್ದಲ್ಲ. ಲೆಕ್ಕ ಹಾಕಿಯೇ ಬಿಟ್ಟಿದ್ದಾರೆ. ಆ ಲೆಕ್ಕಕ್ಕೆ ಆಮೇಲೆ ಬರುತ್ತೇನೆ.

ಆರುಚಕ್ರ ಅವರೇ, ಮೊದಲು ನಿಮ್ಮ ಗಾಡಿ ಏನು ಹೇಳುತ್ತಿದೆ ನೋಡೋಣ. ಹೀಟ್ ಆಗುತ್ತೆ ಅಂತ ಗ್ಯಾರೇಜಿಗೆ ಬಂದವರನ್ನು ನಾನು ಮೊದಲು ಕೇಳುವುದೇ ಯಾವಾಗ ಹೀಟ್ ಆಗುತ್ತೆ ಅಂತ. ಓಡುವಾಗ ತಣ್ಣಗಿದ್ದು, ನಿಧಾನ ಹೋಗುವಾಗ ಅಥವಾ ನಿಂತಾಗ ಬಿಸಿಯಾದರೆ ಗಾಳಿ ಸಾಲುತ್ತಿಲ್ಲ. ಅಂದರೆ ಫ್ಯಾನ್, ಅದರ ಸುತ್ತ ಗಾಳಿಗೆ ದಾರಿ ಮಾಡುವ ಕವಚ (ಶ್ರೌಡ್), ಇಲ್ಲವೇ ರೇಡಿಯೇಟರ್‌ನ ತೆಳು ತಗಡಿನ ಪಟ್ಟಿಗಳಲ್ಲಿ (ಫಿನ್‌ಗಳಲ್ಲಿ) ಕಸ. ಉಲ್ಟಾ, ಜೋರಾಗಿ ಓಡುವಾಗಲೇ ಬಿಸಿಯಾದರೆ ಫ್ಯಾನ್ ಬದಲಿಸಿ ಪ್ರಯೋಜನ ಇಲ್ಲ. ಆ ವೇಗದಲ್ಲಿ ಗಾಳಿ ತಾನಾಗಿಯೇ ನುಗ್ಗುತ್ತದೆ. ಆಗ ರೇಡಿಯೇಟರ್ ಒಳಗೆ ಕಟ್ಟಿದೆಯೋ, ವಾಟರ್ ಪಂಪ್ ಸವೆದಿದೆಯೋ, ಕೆಳಗಿನ ಹೋಸ್ ಒಳಕ್ಕೆ ಹೀರಿಕೊಳ್ಳುತ್ತಿದೆಯೋ ನೋಡಬೇಕು. ನಿಮ್ಮದು ಮೊದಲನೇ ಜಾತಿ. ಅದರ ಮೇಲೆ ಕೂಗು ನಿಂತಿದೆ ಅಂತ ನೀವೇ ಬರೆದಿದ್ದೀರಿ. ನಿಮ್ಮ ಇಡೀ ಪ್ರಶ್ನೆಯಲ್ಲಿ ಬೆಲೆಬಾಳುವ ಸಾಲು ಅದೇ. ಕ್ಲಚ್ ಹಿಡಿಯುತ್ತಿಲ್ಲ.

ಆ ಕ್ಲಚ್ ಮುಂಭಾಗದ ನಡುವೆ ಗಡಿಯಾರದ ಸ್ಪ್ರಿಂಗ್ ಥರ ಸುರುಳಿ ಇರುತ್ತದೆ, ಕೆಲವದರಲ್ಲಿ ಚಪ್ಪಟೆ ಪಟ್ಟಿ. ಅದು ಎರಡು ಲೋಹ ಅಂಟಿಸಿ ಮಾಡಿದ್ದು. ರೇಡಿಯೇಟರ್ ದಾಟಿ ಬಂದ ಗಾಳಿ ಬಿಸಿಯಾದಂತೆ ಸುರುಳಿ ತಿರುಚಿಕೊಂಡು ಒಳಗಿನ ಸಣ್ಣ ವಾಲ್ವ್ ತೆಗೆಯುತ್ತದೆ. ದಪ್ಪ ಸಿಲಿಕೋನ್ ಎಣ್ಣೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಹರಿಯುತ್ತದೆ. ಅಲ್ಲಿ ಎರಡು ತಟ್ಟೆಗಳಲ್ಲಿ ಉಂಗುರ ಉಂಗುರವಾಗಿ ತೋಡು ಕೊರೆದಿರುತ್ತಾರೆ, ಒಂದರ ಏಣು ಇನ್ನೊಂದರ ತೋಡಿನೊಳಗೆ ಮುಟ್ಟದೆ ಕೂತಿರುತ್ತದೆ. ಆ ಸಂದಿಯಲ್ಲಿ ಎಣ್ಣೆ ತುಂಬಿದರೆ ಫ್ಯಾನ್ ಎಳೆದುಕೊಂಡು ತಿರುಗುತ್ತದೆ. ಗಾಳಿ ತಣ್ಣಗಾದರೆ ವಾಲ್ವ್ ಮುಚ್ಚಿ, ಎಣ್ಣೆ ವಾಪಸ್ ಹೋಗಿ, ಫ್ಯಾನ್ ಸಡಿಲ. ಪೂರ್ತಿ ಹಿಡಿದಾಗಲೂ ಸ್ವಲ್ಪ ಜಾರಿಕೊಂಡೇ ತಿರುಗುತ್ತದೆ. ಬಿಟ್ಟಾಗಲೂ ಪೂರ್ತಿ ನಿಲ್ಲುವುದಿಲ್ಲ, ಕಾಲು ಭಾಗದಷ್ಟು ವೇಗದಲ್ಲಿ ಸುಮ್ನೆ ಸುತ್ತುತ್ತಿರುತ್ತದೆ. ವೈರ್ ಇಲ್ಲ, ಫ್ಯೂಸ್ ಇಲ್ಲ, ಸೆನ್ಸರ್ ಇಲ್ಲ. ನನಗೆ ಇದರ ಮೇಲೆ ಪ್ರೀತಿ ಜಾಸ್ತಿ ಅಂತ ಗ್ಯಾರೇಜಿನ ಹುಡುಗರು ನಗುತ್ತಾರೆ, ನಗಲಿ.

ಚೆಕ್ ಮಾಡುವುದು ಹೀಗೆ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಕಿವಿಗೊಡಿ. ರಾತ್ರಿ ನಿಂತಾಗ ಎಣ್ಣೆ ಕೆಲಸದ ಕೋಣೆಗೆ ಇಳಿದಿರುತ್ತದೆ, ಹಾಗಾಗಿ ಒಳ್ಳೆಯ ಕ್ಲಚ್ ಶುರುವಿನಲ್ಲಿ ಒಂದೆರಡು ನಿಮಿಷ ಕೂಗಿ ಆಮೇಲೆ ಸುಮ್ಮನಾಗುತ್ತದೆ. ಕೂಗಲೇ ಇಲ್ಲ ಅಂದರೆ ಎಣ್ಣೆ ಇಲ್ಲ ಅಂತ ಅನುಮಾನ ಪಡಿ. ಆಮೇಲೆ ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ ಎಂಜಿನ್ ಬಂದ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿಕೊಂಡು, ಫ್ಯಾನ್ ಕೈಯಲ್ಲಿ ತಿರುಗಿಸಿ. ಬಿಗಿಯಾಗಿ, ಜೇನುತುಪ್ಪದಲ್ಲಿ ಚಮಚ ಆಡಿಸಿದ ಹಾಗೆ ಬರಬೇಕು. ತಳ್ಳಿ ಬಿಟ್ಟರೆ ಗರಗರ ಸುತ್ತಿಕೊಂಡೇ ಇದ್ದರೆ ಕ್ಲಚ್ ಹೋಗಿದೆ. ಹಬ್ ಸುತ್ತ ನೋಡಿ, ನಡುವಿನಿಂದ ಹೊರಕ್ಕೆ ಎಣ್ಣೆ ಚಿಮ್ಮಿ ಧೂಳು ಅಂಟಿದ ಗೆರೆಗಳಿದ್ದರೆ ಬೇರೆ ಸಾಕ್ಷಿ ಬೇಡ. ರೆಕ್ಕೆಯ ತುದಿ ಹಿಡಿದು ಹಿಂದೆ ಮುಂದೆ ಆಡಿಸಿ, ಒಳಗಿನ ಬೇರಿಂಗ್ ಕಟಕಟ ಅನ್ನುತ್ತದಾ ನೋಡಿ. ಸುರುಳಿ ಮೇಲೆ ಮಣ್ಣು ಮೆತ್ತಿದ್ದರೆ ಬ್ರಷ್‌ನಿಂದ ತೆಗೆಯಿರಿ. ಬಗ್ಗಿಸಬೇಡಿ.

ತಿರುಗುತ್ತಿರುವ ಫ್ಯಾನ್‌ಗೆ ಪೇಪರ್ ಸುರುಳಿ ಅಥವಾ ಕೋಲು ಕೊಟ್ಟು ನಿಲ್ಲಿಸಿ ನೋಡುವ ವಿದ್ಯೆ ಒಂದಿದೆ. ಬೇಡವೇ ಬೇಡ. ಬಿರುಕು ಬಿಟ್ಟ ಪ್ಲಾಸ್ಟಿಕ್ ರೆಕ್ಕೆ ತುಂಡಾಗಿ ಬಾನೆಟ್ ಒಳಗಿನ ಶೀಟನ್ನೇ ಸೀಳಿದ್ದನ್ನು ನೋಡಿದ್ದೇನೆ. ರೇಸ್ ಕೊಡುವಾಗ ಫ್ಯಾನ್‌ನ ಪಕ್ಕಕ್ಕೆ, ರೆಕ್ಕೆಯ ನೇರಕ್ಕೆ ಯಾರೂ ನಿಲ್ಲಬಾರದು.

ಇನ್ನು ಲಾಕ್ ಮಾಡುವ ವಿಚಾರ. ದಾರಿಯಲ್ಲಿ ಸಿಕ್ಕಿಕೊಂಡಾಗ ಮನೆ ಮುಟ್ಟಲು ಮಾಡುತ್ತಾರೆ, ಒಪ್ಪುತ್ತೇನೆ. ಹಾಗೇ ಓಡಿಸಬೇಡಿ. ಫ್ಯಾನ್ ತಿನ್ನುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡರಷ್ಟಾದರೆ ಶಕ್ತಿ ಎಂಟರಷ್ಟು. ಟಾಪ್ ಗೇರಿನಲ್ಲಿ ಗಾಳಿ ತಾನೇ ಬರುತ್ತಿರುವಾಗಲೂ ಪೂರ್ತಿ ವೇಗದಲ್ಲಿ ಸುತ್ತುತ್ತಾ ಡೀಸೆಲ್ ತಿನ್ನುತ್ತದೆ, ವಾಟರ್ ಪಂಪ್ ಬೇರಿಂಗ್ ತಿನ್ನುತ್ತದೆ, ನಿಮ್ಮ ಕಿವಿಯನ್ನೂ ತಿನ್ನುತ್ತದೆ. ಚಳಿಯಲ್ಲಿ ಎಂಜಿನ್ ಬಿಸಿ ಏರಲು ತಡವಾಗುವುದು ಬೇರೆ.

ಕಾರ್ ಫ್ಯಾನ್ ಸೀರೀಸ್‌ನಲ್ಲಿ ಹಾಕುವ ಬಗ್ಗೆ ವೈರಿಂಗ್ ಗೊತ್ತಿರುವವರು ಹೇಳಲಿ. ನನ್ನ ಉತ್ತರ ಒಂದೇ ಪದ: ಬೇಡ.

ಎಂಟುಎಂಎಂವೈರ್:

ಕರೆದದ್ದಕ್ಕೆ ಬಂದೆ. ನನ್ನದು ಆಟೋ ಎಲೆಕ್ಟ್ರಿಕಲ್ ಕೆಲಸ. ನನ್ನ ಸ್ವಂತ ಪಿಕಪ್‌ಗೆ, 12 ವೋಲ್ಟಿನ ಎರಡೂವರೆ ಲೀಟರ್ ಡೀಸೆಲ್, ಬೆಲ್ಟ್ ಫ್ಯಾನ್ ತೆಗೆದು ಎಲೆಕ್ಟ್ರಿಕ್ ಹಾಕಿಕೊಂಡಿದ್ದೇನೆ. ಚೆನ್ನಾಗಿಯೇ ಓಡುತ್ತಿದೆ. ಹಾಗಾಗಿ ನಾನು ಎಲೆಕ್ಟ್ರಿಕ್ ವಿರೋಧಿ ಅಲ್ಲ. ಆದರೂ ನಿಮ್ಮ ಗಾಡಿಗೆ ಬೇಡ ಅಂತಲೇ ಹೇಳುತ್ತೇನೆ. ಯಾಕೆ ಅಂತ ಅಂಕಿಯಲ್ಲೇ ನೋಡಿ.

140 ಎಚ್‌ಪಿ ಅಂದರೆ ಸುಮಾರು 104 ಕಿಲೋವ್ಯಾಟ್. ಡೀಸೆಲ್ ಎಂಜಿನ್ ಚಕ್ರಕ್ಕೆ ಅಷ್ಟು ಕೊಡುವಾಗ ಕೂಲೆಂಟ್‌ಗೆ 60-70 ಕಿಲೋವ್ಯಾಟ್ ಬಿಸಿ ಸುರಿಯುತ್ತದೆ ಅಂತ ಅಂದಾಜು ಇಟ್ಟುಕೊಳ್ಳಿ. ಏರಿನಲ್ಲಿ ಎರಡನೇ ಗೇರ್ ಅಂದರೆ ಇದೇ ಸ್ಥಿತಿ, ಎಂಜಿನ್ ಪೂರ್ತಿ ದುಡಿಯುತ್ತಿದೆ, ಮುಂದಿನಿಂದ ಬರುವ ಗಾಳಿ ಇಲ್ಲ. 40 ಡಿಗ್ರಿಯ ಗಾಳಿ ಒಳಗೆ ಹೋಗಿ 75 ಡಿಗ್ರಿಯಾಗಿ ಹೊರಬಂದರೆ, 65 ಕಿಲೋವ್ಯಾಟ್ ಹೊರಹಾಕಲು ಸೆಕೆಂಡಿಗೆ ಒಂದು ಮುಕ್ಕಾಲು ಕೆಜಿಗಿಂತ ಜಾಸ್ತಿ ಗಾಳಿ ಬೇಕು. ಅದೂ ಇಂಟರ್‌ಕೂಲರ್, ರೇಡಿಯೇಟರ್ ಎರಡರ ಫಿನ್‌ಗಳನ್ನು ದಾಟಿ. ಎಲೆಕ್ಟ್ರಿಕ್ ಫ್ಯಾನ್ ಡಬ್ಬಿ ಮೇಲೆ ಬರೆದಿರುವ ಗಾಳಿಯ ಅಂಕಿ ಬಹಳ ಸಲ ಮುಂದೆ ಏನೂ ಅಡ್ಡ ಇಲ್ಲದಾಗ ಅಳೆದದ್ದು. ಫಿನ್ ಹಿಂದೆ ಕೂರಿಸಿದರೆ ಅದರ ಮರ್ಯಾದೆ ಹೋಗುತ್ತದೆ.

ನಿಮ್ಮ ಈಗಿನ ಫ್ಯಾನ್ ಪೂರ್ತಿ ಹಿಡಿದಾಗ 5 ಕಿಲೋವ್ಯಾಟ್ ತಿನ್ನುತ್ತದೆ ಅಂದುಕೊಳ್ಳೋಣ. ಅಷ್ಟನ್ನು ಮೋಟರ್‌ನಿಂದ ತಿರುಗಿಸಬೇಕಾದರೆ, ಮೋಟರ್‌ನ ನಷ್ಟ ಸೇರಿಸಿ 6.7 ಕಿಲೋವ್ಯಾಟ್ ಕರೆಂಟ್ ಬೇಕು. 28 ವೋಲ್ಟ್ ಚಾರ್ಜಿಂಗ್‌ನಲ್ಲಿ ಅದು 240 ಆಂಪಿಯರ್. ನಿಮ್ಮ ಆಲ್ಟರ್ನೇಟರ್ (ಗಾಡಿಗೆ ಕರೆಂಟ್ ಹುಟ್ಟಿಸುವ ಜನರೇಟರ್) ಮೇಲೆ ಏನು ಬರೆದಿದೆ ನೋಡಿ. ಇಂಥ ಗಾಡಿಗಳಲ್ಲಿ 50ರಿಂದ 80 ಆಂಪಿಯರ್ ಸಾಮಾನ್ಯ. ಹೆಡ್‌ಲೈಟ್, ವೈಪರ್, ಬ್ಯಾಟರಿ ಚಾರ್ಜ್ ಎಲ್ಲ ಅದರಲ್ಲೇ ಆಗಬೇಕು.

ಕಾರ್ ಫ್ಯಾನ್ ಎರಡು ಸೇರಿ ಎಳೆಯುವುದು ಎಷ್ಟು? ತಲಾ 25 ಆಂಪಿಯರ್ ಅಂದರೆ 300 ವ್ಯಾಟ್, ಎರಡಕ್ಕೆ 600. ಮೋಟರ್‌ನ ನಷ್ಟ ಕಳೆದು ರೆಕ್ಕೆಗೆ ಮುಟ್ಟುವುದು 450 ವ್ಯಾಟ್ ಆಸುಪಾಸು. ಗ್ರೀಸ್‌ಕೈ ಅಣ್ಣ ಹೇಳಿದ ಘನದ ಲೆಕ್ಕ ಇಲ್ಲಿ ಹಾಕಿ. 5000 ವ್ಯಾಟಿನ ಫ್ಯಾನ್ ಅರ್ಧ ವೇಗದಲ್ಲಿ ತಿರುಗಿದರೆ 625 ವ್ಯಾಟ್ ಸಾಕು. ಅಂದರೆ ಎರಡು ಕಾರ್ ಫ್ಯಾನ್ ಸೇರಿದರೂ ನಿಮ್ಮ ಫ್ಯಾನ್‌ನ ಅರ್ಧದಷ್ಟೂ ಗಾಳಿ ಇಲ್ಲ. ಸಮ ರಸ್ತೆಗೆ ಧಾರಾಳ ಸಾಕು. ನಿಮಗೆ ಗಾಳಿ ಬೇಕಾಗಿರುವುದು ಏರಿನಲ್ಲಿ.

ದೊಡ್ಡ ಟ್ರೇಲರ್ ಎಂಜಿನ್‌ಗಳಲ್ಲಿ ಇದು ಇನ್ನೂ ದೂರದ ಮಾತು. ಅಲ್ಲಿ ಫ್ಯಾನ್ ಪೂರ್ತಿ ಹಿಡಿದಾಗ 20ರಿಂದ 40 ಕಿಲೋವ್ಯಾಟ್ ತಿನ್ನಬಹುದು. 24 ವೋಲ್ಟಿನಲ್ಲಿ ಅದನ್ನು ಕೊಡಲು ಸಾವಿರ ಆಂಪಿಯರ್ ಬೇಕು. ಅದಕ್ಕೇ ಅಲ್ಲಿ ಗಾಳಿ ಒತ್ತಡದಿಂದ ಹಿಡಿಯುವ ಕ್ಲಚ್, ಇಲ್ಲವೇ ಇಸಿಯು (ಎಂಜಿನ್ ಕಂಪ್ಯೂಟರ್) ಹಿಡಿತದಲ್ಲಿರುವ ವಿಸ್ಕಸ್ ಕ್ಲಚ್ ಇರುತ್ತದೆ. ಎಂಜಿನ್ ಹಿಂದೆ ಇರುವ ಬಸ್‌ಗಳಲ್ಲಿ ರೇಡಿಯೇಟರ್ ಒಂದು ಪಕ್ಕಕ್ಕೆ ಇರುವುದರಿಂದ ಹೈಡ್ರಾಲಿಕ್ ಮೋಟರ್ ಹಾಕುತ್ತಾರೆ, ಕೆಲವದರಲ್ಲಿ ಸಣ್ಣ ಎಲೆಕ್ಟ್ರಿಕ್ ಫ್ಯಾನ್‌ಗಳ ಸಾಲನ್ನೇ ಜೋಡಿಸಿ ಅದಕ್ಕೆ ತಕ್ಕ ಭಾರಿ ಆಲ್ಟರ್ನೇಟರ್ ಕೊಡುತ್ತಾರೆ. ಬ್ಯಾಟರಿ ಲಾರಿಗಳ ಕತೆ ಬೇರೆ. 600 ವೋಲ್ಟ್ ಕೈಯಲ್ಲಿದ್ದರೆ 25 ಕಿಲೋವ್ಯಾಟ್ ಅಂದರೆ ಬರೀ 42 ಆಂಪಿಯರ್.

ಈಗ ಸೀರೀಸ್ ವಿಚಾರ. ಎರಡು ಒಂದೇ ಮಾದರಿಯ ಮೋಟರ್, ಎರಡೂ ಒಂದೇ ಹದದಲ್ಲಿದ್ದರೆ ವೋಲ್ಟೇಜ್ ಸಮ ಹಂಚಿಕೊಳ್ಳುತ್ತವೆ. ಒಂದಕ್ಕೆ ಕಡ್ಡಿಯೋ ಪ್ಲಾಸ್ಟಿಕ್ಕೋ ಸಿಕ್ಕಿ ನಿಂತಿತು ಅಂದುಕೊಳ್ಳಿ. ನಿಂತ ಮೋಟರ್ ವೋಲ್ಟೇಜ್ ಹಿಡಿದುಕೊಳ್ಳುವುದಿಲ್ಲ. ಇಪ್ಪತ್ತನಾಲ್ಕರಲ್ಲಿ ಬಹುಪಾಲು ಇನ್ನೊಂದರ ತಲೆಗೆ ಬೀಳುತ್ತದೆ. ಅದು ಹುಚ್ಚು ವೇಗದಲ್ಲಿ ತಿರುಗಿ ಸುಡುತ್ತದೆ. ಒಂದರ ಬ್ರಷ್ ಸವೆದು ಕನೆಕ್ಷನ್ ಕಡಿದರೆ ಎರಡೂ ಒಟ್ಟಿಗೆ ನಿಲ್ಲುತ್ತವೆ. ಎರಡೂ ನಿಮಗೆ ಗೊತ್ತಾಗುವುದು ಮುಳ್ಳು ಕೆಂಪಿಗೆ ಹೋದ ಮೇಲೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದು, ಅದನ್ನು ಯಾರಾದರೂ ಹೇಳುವ ಮುಂಚೆ ನಾನೇ ಹೇಳುತ್ತೇನೆ. ಎರಡು ಬ್ಯಾಟರಿಯಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ಎಳೆದು ಫ್ಯಾನ್‌ಗೆ ಕೊಡುವುದು. ಹಾಗೆ ಮಾಡಿದ ಒಂದು ಗಾಡಿ ನನ್ನ ಹತ್ತಿರ ಬಂದಿತ್ತು. ಒಂದು ಬ್ಯಾಟರಿ ಯಾವಾಗಲೂ ಅರೆಹೊಟ್ಟೆ, ಇನ್ನೊಂದು ಓವರ್‌ಚಾರ್ಜ್ ಆಗಿ ನೀರು ಕುದ್ದು ಮುಚ್ಚಳದ ಸುತ್ತ ಆಸಿಡ್ ಕಲೆ. ಕೆಳಗಿನ ತಟ್ಟೆ ತುಕ್ಕು ಹಿಡಿದು ತೂತಾಗಿತ್ತು. ಆಲ್ಟರ್ನೇಟರ್ ನೋಡುವುದು ಎರಡರ ಒಟ್ಟು 28 ವೋಲ್ಟನ್ನು ಮಾತ್ರ, ಯಾವುದರಲ್ಲಿ ಎಷ್ಟಿದೆ ಅಂತ ಅದಕ್ಕೆ ಗೊತ್ತಿಲ್ಲ.

ಆರುಚಕ್ರ:

ಗ್ರೀಸ್‌ಕೈ ಅಣ್ಣ, ಎಂಟುಎಂಎಂವೈರ್ ಸರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬ ಥ್ಯಾಂಕ್ಸ್. ನಾಳೆ ಬೆಳಿಗ್ಗೆ ಚೆಕ್ ಮಾಡಿ ಬರೆಯುತ್ತೇನೆ. ಎರಡು ಅನುಮಾನ. ಮೈಲೇಜ್ ಜಾಸ್ತಿ ಆಗುತ್ತೆ ಅನ್ನುವುದು ಪೂರ್ತಿ ಸುಳ್ಳಾ? ಮತ್ತೆ ನಿಮ್ಮ ಪಿಕಪ್‌ನಲ್ಲಿ ಹೇಗೆ ಹಾಕಿದ್ದೀರಿ? ತಮ್ಮನ ಹತ್ತಿರ ಒಂದು ಚಿಕ್ಕ ಗಾಡಿ ಇದೆ, ಅವನೂ ಕೇಳುತ್ತಿದ್ದಾನೆ.

ಎಂಟುಎಂಎಂವೈರ್:

ಪೂರ್ತಿ ಸುಳ್ಳಲ್ಲ. ಯಾವುದಕ್ಕೆ ಹೋಲಿಸುತ್ತೀರಿ ಅನ್ನುವುದರ ಮೇಲಿದೆ. ಕ್ಲಚ್ಚೇ ಇಲ್ಲದ, ಸದಾ ತಿರುಗುವ ಫ್ಯಾನ್ ತೆಗೆದು ಎಲೆಕ್ಟ್ರಿಕ್ ಹಾಕಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಸರಿಯಾಗಿ ಕೆಲಸ ಮಾಡುವ ವಿಸ್ಕಸ್ ಫ್ಯಾನ್ ತೆಗೆದರೆ ಉಳಿಯುವುದು ಕಡಿಮೆ. ಬಿಟ್ಟ ಸ್ಥಿತಿಯಲ್ಲಿ ಕಾಲು ವೇಗದಲ್ಲಿ ಸುತ್ತುವ ಅದೇ 5 ಕಿಲೋವ್ಯಾಟ್ ಫ್ಯಾನ್, ಜಾರುವಾಗ ಬಿಸಿಯಾಗಿ ಹೋಗುವುದೂ ಸೇರಿ, ಎಂಜಿನ್‌ನಿಂದ ಎಳೆಯುವುದು 300 ವ್ಯಾಟ್ ಆಸುಪಾಸು. ಅರ್ಧ ಎಚ್‌ಪಿಯೂ ಇಲ್ಲ. 140ರಲ್ಲಿ ಅದು ಎಷ್ಟು?

ಕರೆಂಟ್ ಪುಕ್ಕಟೆ ಅಲ್ಲ ಅನ್ನುವುದನ್ನೂ ಜನ ಮರೆಯುತ್ತಾರೆ. ಎಂಜಿನ್ ಬೆಲ್ಟ್ ತಿರುಗಿಸಬೇಕು, ಬೆಲ್ಟ್ ಆಲ್ಟರ್ನೇಟರ್ ತಿರುಗಿಸಬೇಕು, ಅಲ್ಲಿ ನೂರಕ್ಕೆ 60 ಉಳಿದರೆ ದೊಡ್ಡದು. ಮೋಟರ್‌ನಲ್ಲಿ ಅದರ ಮುಕ್ಕಾಲು. ಕೊನೆಗೆ ರೆಕ್ಕೆಗೆ ಮುಟ್ಟುವುದು ನೂರಕ್ಕೆ 45. ಒಂದೇ ಪ್ರಮಾಣದ ಗಾಳಿಗೆ ನೇರ ಫ್ಯಾನ್‌ಗಿಂತ ಎಲೆಕ್ಟ್ರಿಕ್ ಎರಡರಷ್ಟು ತಿನ್ನುತ್ತದೆ. ಅದರ ಲಾಭ ಇರುವುದು ಪೂರ್ತಿ ಆಫ್ ಆಗುವುದರಲ್ಲಿ, ಎಂಜಿನ್ ಐಡಲ್‌ನಲ್ಲಿದ್ದಾಗಲೂ ಪೂರ್ತಿ ವೇಗದಲ್ಲಿ ತಿರುಗುವುದರಲ್ಲಿ. ಬೆಲ್ಟ್ ಫ್ಯಾನ್ ಐಡಲ್‌ನಲ್ಲಿ ಸೋಮಾರಿ. ನೀವು ಪಕ್ಕಕ್ಕೆ ನಿಲ್ಲಿಸಿ ರೇಸ್ ಕೊಡಬೇಕಾಗಿ ಬರುವುದು ಅದಕ್ಕೇ. ಟ್ರಾಫಿಕ್‌ನಲ್ಲಿ ನಿಂತು ನಿಂತು ಹೋಗುವ ಹಗುರ ಗಾಡಿಗೆ, ಅದರಲ್ಲೂ ಎಸಿ ಇದ್ದರೆ, ಎಲೆಕ್ಟ್ರಿಕ್ ನಿಜವಾಗಿಯೂ ಒಳ್ಳೆಯದು. ನೀರು ದಾಟುವಾಗ ಸ್ವಿಚ್ ಹಾಕಿ ನಿಲ್ಲಿಸಬಹುದು. ಬೆಲ್ಟ್ ಫ್ಯಾನ್ ಆಳದ ನೀರಿಗೆ ಸಿಕ್ಕಿದರೆ ರೆಕ್ಕೆ ಮುಂದಕ್ಕೆ ಬಾಗಿ ರೇಡಿಯೇಟರ್ ಕೆರೆಯುವುದುಂಟು.

ನಿಮ್ಮ ತಮ್ಮನಿಗೆ ಹೇಳಿ, ಫ್ಯಾನ್‌ಗಿಂತ ಮುಖ್ಯ ಶ್ರೌಡ್. ಫ್ಯಾನ್ ಬರೀ ತನ್ನ ಎದುರಿನ ದುಂಡು ಜಾಗದಿಂದ ಎಳೆದರೆ ಉಳಿದ ಫಿನ್‌ಗಳು ದಂಡ. ಇಡೀ ರೇಡಿಯೇಟರ್ ಮುಚ್ಚುವ ಶ್ರೌಡ್ ಬೇಕು, ಜೋರಾಗಿ ಓಡುವಾಗ ಗಾಳಿ ಹೊರಗೆ ಹೋಗಲು ಅದರಲ್ಲಿ ರಬ್ಬರ್ ಕಿಟಕಿ ಇದ್ದರೆ ಇನ್ನೂ ಒಳ್ಳೆಯದು. ಎಲೆಕ್ಟ್ರಿಕ್‌ನ ಒಂದು ಅನುಕೂಲ ಇಲ್ಲಿದೆ. ಶ್ರೌಡ್ ಮತ್ತು ಫ್ಯಾನ್ ಎರಡೂ ರೇಡಿಯೇಟರ್‌ಗೇ ಕೂತಿರುವುದರಿಂದ ರೆಕ್ಕೆಯ ತುದಿಗೂ ಶ್ರೌಡ್‌ಗೂ ಕಡಿಮೆ ಸಂದಿ ಬಿಟ್ಟರೆ ಸಾಕು. ಬೆಲ್ಟ್ ಫ್ಯಾನ್ ಎಂಜಿನ್ ಜೊತೆ ಅಲುಗಾಡುತ್ತದೆ, ಅದಕ್ಕೆ ಜಾಗ ಜಾಸ್ತಿ ಬಿಡಬೇಕು. ರೇಡಿಯೇಟರ್ ಹಿಂದೆ ನಿಂತು ಎಳೆಯುವ ಫ್ಯಾನ್ ಹಾಕಿ. ಮುಂದೆ ನಿಂತು ತಳ್ಳುವುದು ಓಡುವಾಗ ಗಾಳಿಗೇ ಅಡ್ಡ. ಫಿನ್ ನಡುವೆ ಪ್ಲಾಸ್ಟಿಕ್ ಟೈ ತೂರಿಸಿ ಫ್ಯಾನ್ ಕಟ್ಟುವವರಿದ್ದಾರೆ, ಅಲುಗಿ ಅಲುಗಿ ಟ್ಯೂಬ್ ತೂತಾಗುತ್ತದೆ. ಬ್ರ್ಯಾಕೆಟ್ ಮಾಡಿಸಿ.

ವೈರಿಂಗ್‌ನಲ್ಲಿ ನಾನು ಹಾಕಿದ್ದು ಇಷ್ಟು: ಬ್ಯಾಟರಿ ಪಕ್ಕದಲ್ಲೇ ಫ್ಯೂಸ್, ಒಂದೊಂದು ಫ್ಯಾನ್‌ಗೆ ಬೇರೆ ಬೇರೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್), ಅರ್ಥ್ ವೈರೂ ಪ್ಲಸ್‌ನಷ್ಟೇ ದಪ್ಪ. ಸ್ಟಾರ್ಟ್ ಆಗುವ ಕ್ಷಣಕ್ಕೆ ಮೋಟರ್ ಓಡುವಾಗಿನದರ ಎರಡು ಮೂರು ಪಟ್ಟು ಎಳೆಯುತ್ತದೆ, ರಿಲೇ ಅದನ್ನು ತಡೆಯಬೇಕು. ಎರಡೂ ಒಟ್ಟಿಗೆ ಶುರುವಾಗದ ಹಾಗೆ ನೋಡಿಕೊಳ್ಳಿ. ನನ್ನ ಎಂಜಿನ್‌ನ ಥರ್ಮೋಸ್ಟಾಟ್ 82ಕ್ಕೆ ತೆರೆಯುತ್ತದೆ, ಮೊದಲ ಫ್ಯಾನ್ 92ಕ್ಕೆ, ಎರಡನೆಯದು 97ಕ್ಕೆ. ಥರ್ಮೋಸ್ಟಾಟ್ ತೆರೆಯುವ ಬಿಸಿಗಿಂತ ಕೆಳಗೆ ಫ್ಯಾನ್ ಸ್ವಿಚ್ ಇಟ್ಟರೆ ಅದು ನಿಲ್ಲುವುದೇ ಇಲ್ಲ. ಕೆಲಸ ಮುಗಿದ ಮೇಲೆ ಫ್ಯಾನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್‌ನಿಂದ ಫ್ಯಾನ್ ಕನೆಕ್ಟರ್‌ವರೆಗೆ ಮೀಟರ್ ಇಟ್ಟು ನೋಡಿ. ಅರ್ಧ ವೋಲ್ಟಿಗಿಂತ ಜಾಸ್ತಿ ಬೀಳುತ್ತಿದ್ದರೆ ಎಲ್ಲೋ ವೈರ್ ಸಣ್ಣದು ಅಥವಾ ಜಾಯಿಂಟ್ ಸಡಿಲ. ಕನೆಕ್ಟರ್ ಕರಗಿ ಬರುವುದನ್ನು ನಾನು ಫ್ಯಾನ್ ಸುಡುವುದಕ್ಕಿಂತ ಜಾಸ್ತಿ ನೋಡಿದ್ದೇನೆ. ಎಂಜಿನ್ ಬಂದ್ ಇದ್ದರೂ ಈ ಫ್ಯಾನ್ ತಟ್ಟನೆ ಶುರುವಾಗಬಹುದು, ಕೈ ಹಾಕುವ ಮುಂಚೆ ಫ್ಯೂಸ್ ಕೀಳಿ.

ಎಡಪಥ:

ಸರಿ, ನಾನು ಕಾರಿನ ಲೆಕ್ಕದಲ್ಲಿ ಹೇಳಿದೆ. ಆದರೆ ಬೆಲ್ಟ್ ಕಡಿದರೆ? ಎಲೆಕ್ಟ್ರಿಕ್ ಆದರೆ ಬ್ಯಾಟರಿಯಲ್ಲಾದರೂ ಓಡುತ್ತದಲ್ವಾ?

ಗ್ರೀಸ್‌ಕೈ:

ಫ್ಯಾನ್ ಓಡುತ್ತದೆ. ಆದರೆ ವಾಟರ್ ಪಂಪ್ ಅದೇ ಬೆಲ್ಟಿನಲ್ಲಿದ್ದರೆ ನೀರೇ ಓಡುವುದಿಲ್ಲ. ನಿಂತ ನೀರಿನ ರೇಡಿಯೇಟರ್‌ಗೆ ಗಾಳಿ ಹಾಕಿ ಏನು ಮಾಡುತ್ತೀರಿ?

ಆರುಚಕ್ರ:

ಚೆಕ್ ಮಾಡಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕೂಗು ಇಲ್ಲವೇ ಇಲ್ಲ. ಬಿಸಿ ಮಾಡಿ, ಬಂದ್ ಮಾಡಿ ತಿರುಗಿಸಿದರೆ ಸಲೀಸಾಗಿ ಸುತ್ತಿಕೊಂಡು ಹೋಯಿತು. ಹಬ್ ಮೇಲೆ ನೀವು ಹೇಳಿದ ಹಾಗೆಯೇ ಕಪ್ಪು ಗೆರೆಗಳಿವೆ, ಬೆರಳಿಟ್ಟರೆ ಜಿಡ್ಡು. ಆಲ್ಟರ್ನೇಟರ್ ಮೇಲೆ 28 ವೋಲ್ಟ್ 55 ಆಂಪಿಯರ್ ಅಂತ ಇದೆ. ಎಲೆಕ್ಟ್ರಿಕ್ ಯೋಚನೆ ಅಲ್ಲಿಗೇ ಬಿಟ್ಟೆ.

ಇನ್ನೊಂದು ನೋಡಿದೆ. ಇಂಟರ್‌ಕೂಲರ್‌ಗೂ ರೇಡಿಯೇಟರ್‌ಗೂ ನಡುವೆ ಟಾರ್ಚ್ ಬಿಟ್ಟರೆ, ರೇಡಿಯೇಟರ್‌ನ ಕೆಳಗಿನ ಮೂರನೇ ಒಂದು ಭಾಗ ಕಾಣುವುದೇ ಇಲ್ಲ. ಧೂಳು, ಹುಳು, ಒಣಹುಲ್ಲು ಎಲ್ಲ ಸೇರಿ ಕಂಬಳಿ ಥರ ಕೂತಿದೆ. ಮುಂದಿನಿಂದ ನೋಡಿದರೆ ಇಂಟರ್‌ಕೂಲರ್ ಫಳಫಳ ಅನ್ನುತ್ತಿದೆ, ಪ್ರತಿ ಸಲ ತೊಳೆಸುವುದು ಅದನ್ನೇ. ಇದನ್ನೇ ಕ್ಲೀನ್ ಮಾಡಿದರೆ ಕ್ಲಚ್ ಇಲ್ಲದೆ ನಡೆಯುತ್ತದಾ?

ಗ್ರೀಸ್‌ಕೈ:

ನಡೆಯುವುದಿಲ್ಲ, ಎರಡೂ ಮಾಡಬೇಕು. ಆ ಕಂಬಳಿ ಇಟ್ಟುಕೊಂಡು ಹೊಸ ಕ್ಲಚ್ ಹಾಕಿದರೆ, ಅದು ಸಮ ರಸ್ತೆಯಲ್ಲೂ ಹಿಡಿದುಕೊಂಡೇ ಇರುತ್ತದೆ. ಆಗ ನೀವೇ ಬಂದು ಹೊಸ ಕ್ಲಚ್ ಸರಿ ಇಲ್ಲ, ಯಾವಾಗಲೂ ಕೂಗುತ್ತೆ ಅಂತ ಬರೆಯುತ್ತೀರಿ.

ಇಂಟರ್‌ಕೂಲರ್ ಬೋಲ್ಟ್ ಬಿಚ್ಚಿ ಮುಂದಕ್ಕೆ ಸರಿಸಿ. ಬಹಳ ಗಾಡಿಗಳಲ್ಲಿ ಪೈಪ್ ಪೂರ್ತಿ ತೆಗೆಯದೆಯೇ ಕೈ ಹೋಗುವಷ್ಟು ಜಾಗ ಆಗುತ್ತದೆ. ಒಣ ಕಸ ಮೊದಲು ಬ್ರಷ್‌ನಿಂದ, ಫಿನ್ ಹೋದ ದಿಕ್ಕಿಗೇ. ಆಮೇಲೆ ಎಂಜಿನ್ ಕಡೆಯಿಂದ ಹೊರಕ್ಕೆ, ಅಂದರೆ ಗಾಳಿ ಬಂದ ದಾರಿಗೆ ಉಲ್ಟಾ ನೀರು ಹಾಯಿಸಿ. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ಫಿನ್ ಮಲಗಿಬಿಡುತ್ತದೆ. ಮಲಗಿದ ಫಿನ್‌ನಲ್ಲಿ ಗಾಳಿ ಹೋಗುವುದಿಲ್ಲ, ಕಸ ಇದ್ದದ್ದೇ ವಾಸಿ ಅನಿಸುತ್ತದೆ. ಸಾಧಾರಣ ಪೈಪ್ ನೀರು, ಸ್ವಲ್ಪ ಸೋಪು, ತಾಳ್ಮೆ.

ಕೆಲಸ ಮುಗಿದ ಮೇಲೆ ಇನ್ನೊಂದು ಚೆಕ್ ಇದೆ. ಎಂಜಿನ್ ಬಿಸಿ ಮಾಡಿ ಟೆಂಪರೇಚರ್ ಗನ್ ಹಿಡಿದು ರೇಡಿಯೇಟರ್ ಮೇಲೆ ಅಡ್ಡ ಉದ್ದ ಓಡಿಸಿ. ನೀರು ಒಳಗೆ ಬರುವ ಕಡೆಯಿಂದ ಹೊರಹೋಗುವ ಕಡೆಗೆ ನಿಧಾನಕ್ಕೆ ಇಳಿಯುತ್ತಾ ಹೋಗಬೇಕು. ನಡುವೆ ಎಲ್ಲಾದರೂ ತಟ್ಟನೆ ತಣ್ಣಗಿನ ಪಟ್ಟಿ ಸಿಕ್ಕಿದರೆ ಅಲ್ಲಿ ಒಳಗಿನ ಟ್ಯೂಬ್ ಕಟ್ಟಿದೆ. ಅದು ಕ್ಲಚ್‌ಗೂ ಸಂಬಂಧಪಟ್ಟದ್ದು. ಕ್ಲಚ್‌ನ ಸುರುಳಿ ನೋಡುವುದು ತನ್ನ ಎದುರಿಗಿರುವ ನಡುಭಾಗದ ಗಾಳಿಯನ್ನು ಮಾತ್ರ. ನಡುವಿನ ಟ್ಯೂಬ್‌ಗಳು ಕಟ್ಟಿದ್ದರೆ ಅಲ್ಲಿಂದ ಬರುವ ಗಾಳಿ ತಣ್ಣಗೇ ಇರುತ್ತದೆ, ಎಂಜಿನ್ ಕುದಿಯುತ್ತಿದ್ದರೂ ಹೊಸ ಕ್ಲಚ್ ಹಿಡಿಯುವುದಿಲ್ಲ. ಸರಿಯಿದ್ದ ಕ್ಲಚ್‌ಗಳನ್ನು ಜನ ಹೀಗೇ ಬದಲಿಸುತ್ತಾರೆ. ನಿಮ್ಮದು ಎಣ್ಣೆ ಚೆಲ್ಲಿದೆ, ಅದರ ಬಗ್ಗೆ ಅನುಮಾನ ಇಲ್ಲ.

ಹೊಸದು ತರುವಾಗ ನೆಟ್ಟಗೆ ನಿಲ್ಲಿಸಿಕೊಂಡು ತನ್ನಿ, ಗಾಡಿಯಲ್ಲಿ ಹೇಗೆ ಕೂರುತ್ತದೋ ಹಾಗೆ. ಅಂಗಡಿಯಲ್ಲಿ ಮಲಗಿಸಿಟ್ಟಿದ್ದರೆ ಎಣ್ಣೆ ಎಲ್ಲೆಲ್ಲೋ ಸೇರಿರುತ್ತದೆ, ಬೇರೆ ಕೇಳಿ. ಹಳೆಯದರ ನಂಬರ್ ನೋಡಿಯೇ ತನ್ನಿ. ನೋಡಲು ಒಂದೇ ಥರ ಇದ್ದು ಹಿಡಿಯುವ ಬಿಸಿ ಬೇರೆ ಇರುವವು ಬರುತ್ತವೆ. ಶ್ರೌಡ್ ಒಡೆದಿದ್ದರೆ ಇದೇ ಸಮಯದಲ್ಲಿ ಬದಲಿಸಿ. ರೆಕ್ಕೆಯ ಅಗಲದಲ್ಲಿ ಅರ್ಧ ಶ್ರೌಡ್ ಒಳಗೆ, ಅರ್ಧ ಹೊರಗೆ ಇರಬೇಕು ಅಂತ ಸಾಮಾನ್ಯ ಲೆಕ್ಕ. ಎಂಜಿನ್ ಮೌಂಟ್ ಕುಸಿದಿದ್ದರೆ ಫ್ಯಾನ್ ಕೆಳಗಡೆ ಒತ್ತಿಕೊಂಡಿರುತ್ತದೆ, ಅದನ್ನೂ ನೋಡಿ.

ಆರುಚಕ್ರ:

ಸರಿ ಅಣ್ಣ. ಇಂಟರ್‌ಕೂಲರ್ ಇವತ್ತೇ ಬಿಚ್ಚುತ್ತೇನೆ. ಹಳೇ ಕ್ಲಚ್ ಬಿಚ್ಚಲು ನೋಡಿದೆ, ನಡುವಿನ ದೊಡ್ಡ ನಟ್ ಜಪ್ಪಯ್ಯ ಅಂದರೂ ಅಲ್ಲಾಡುತ್ತಿಲ್ಲ. ಪೈಪ್ ಸೇರಿಸಿ ಎಳೆಯಲಾ?

ಗ್ರೀಸ್‌ಕೈ:

ತಡೆಯಿರಿ! ಕೆಲವು ಎಂಜಿನ್‌ಗಳಲ್ಲಿ ಆ ನಟ್ ಉಲ್ಟಾ ಥ್ರೆಡ್. ನಿಮ್ಮ ಎಂಜಿನ್‌ನದು ಯಾವುದು ಅಂತ ಹೊಸ ಕ್ಲಚ್‌ನ ಥ್ರೆಡ್ ನೋಡಿದರೆ ಗೊತ್ತಾಗುತ್ತದೆ, ಅದು ಬರುವ ತನಕ ಪೈಪ್ ಹಾಕಬೇಡಿ. ಬಿಚ್ಚುವಾಗ ವಾಟರ್ ಪಂಪ್ ಪುಲ್ಲಿ ತಿರುಗದ ಹಾಗೆ ಹಿಡಿಯಲು ಇನ್ನೊಬ್ಬರು ಬೇಕು. ಫ್ಯಾನ್‌ಗೂ ರೇಡಿಯೇಟರ್‌ಗೂ ನಡುವೆ ಒಂದು ದಪ್ಪ ರಟ್ಟು ಇಳಿಬಿಡಿ, ಸ್ಪ್ಯಾನರ್ ಜಾರಿದರೆ ಮೊದಲು ಹೋಗುವುದು ಫಿನ್.